ಬೇಹಿನವನಿಂದ ಪತ್ತೇದಾರನವರೆಗೆ

ಅಪರಾಧದ ಜಾಡು ಹಿಡಿದು ನಡೆದ ಸಂಗತಿಯನ್ನು ಹೊರಗೆಡಹುವವನಿಗೆ ಕನ್ನಡದಲ್ಲಿ ರೂಢವಾಗಿರುವ ಹೆಸರು 'ಪತ್ತೇದಾರ'. ಇದು ಮಿಶ್ರಪದವೆಂಬ ಕಾರಣಕ್ಕೆ ಕೆಲವು ಅನುವಾದಕರು ಇದನ್ನು ಬದಿಗಿರಿಸಿ ಆ ಸ್ಥಾನದಲ್ಲಿ 'ಗುಪ್ತಚರ'ನನ್ನು ಕೂರಿಸುವುದನ್ನು ನಾವು ಅಲ್ಲಲ್ಲಿ ಗಮನಿಸಿದ್ದೇವೆ. ಈ ಬದಲಾವಣೆ ಕೇವಲ ಶಬ್ದದ್ದಲ್ಲ. ಎರಡು ಪದಗಳ ಹಿಂದಿರುವ ಕಸುಬುಗಳೇ ಬೇರೆಯಾದುದರಿಂದ ಅವುಗಳ ಚರಿತ್ರೆಯನ್ನು ಇಲ್ಲಿ ಪರಿಶೀಲಿಸುವುದು ಉಚಿತವೆಂದು ಭಾವಿಸಿದ್ದೇವೆ.

ಕನ್ನಡದ ಹಳೆಯ ದೇಶ್ಯಪದ 'ಬೇಹು'. ಬೇಹಿನವ, ಬೇಹಿನ ಚರ, ಬೇಹುಗಾರ ಮೊದಲಾದ ರೂಪಗಳು ಇದರಿಂದಲೇ ಹೊರಟವು. ತಮಿಳಿನ 'ವೇಯ್', ತೆಲುಗಿನ 'ವೇಗು' ಇದರ ಜ್ಞಾತಿಪದಗಳು. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ವಿದಿತವೇ ಆಗಿದೆ. ತೊಲ್ಕಾಪ್ಪಿಯವು ವೆಟ್ಚಿ ತಿಣೆಯನ್ನು, ಎಂದರೆ ಶತ್ರುವಿನ ಗೋವುಗಳನ್ನು ಸೆರೆಹಿಡಿಯುವ ಪ್ರಸಂಗವನ್ನು, ವಿವರಿಸುವಾಗ 'ವೇಯ್' ಎಂಬುದನ್ನು ಅದರ ಒಂದು ಅಂಗವಾಗಿ ಹೇಳುತ್ತದೆ. ದಾಳಿಗೆ ಮುನ್ನ ಮಂದೆ ಎಲ್ಲಿದೆ, ಕಾವಲು ಎಷ್ಟಿದೆ ಎಂದು ಅರಿತು ಬರುವ ಕೆಲಸ ಅದು. ತುರುಗೋಳಿನ ನೂರಾರು ವೀರಗಲ್ಲುಗಳನ್ನು ಉಳಿಸಿಕೊಂಡಿರುವ ಕನ್ನಡ ನಾಡಿಗೆ ಈ ಸಂದರ್ಭ ಅಪರಿಚಿತವಲ್ಲ. ಬೇಹು ಮೂಲತಃ ದಂಡಿನ ಮಾತು, ನ್ಯಾಯಸ್ಥಾನದ ಮಾತಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ದೃಷ್ಟಿಯಿಂದ ವಿರಾಟಪರ್ವದ ಕಥೆ ಕುತೂಹಲಕರವಾಗಿದೆ. ಅಜ್ಞಾತವಾಸದ ಪಾಂಡವರನ್ನು ಹುಡುಕಲು ದುರ್ಯೋಧನನು ಕಳುಹಿಸಿದ ಚರರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಅವರು ತರುವುದು ಕೀಚಕನು ಸತ್ತನೆಂಬ ಒಂದು ಸುದ್ದಿಯನ್ನು ಮಾತ್ರ. ಅಂಥ ಬಲಶಾಲಿಯನ್ನು ಕೊಲ್ಲಬಲ್ಲವರು ಯಾರೆಂದು ತರ್ಕಿಸಿ ಭೀಮನ ಇರವನ್ನು ಊಹಿಸುವ ಕಾರ್ಯ ನಡೆಯುವುದು ಸಭೆಯಲ್ಲಿ. ಅಲ್ಲಿಂದ ಕಥೆ ನೇರವಾಗಿ ಗೋಗ್ರಹಣಕ್ಕೆ ಸಾಗುತ್ತದೆ. ಕಂಡು ಬರುವವನು ಒಬ್ಬ, ಕಂಡದ್ದರಿಂದ ಕಾಣದ್ದನ್ನು ತಿಳಿಯುವವನು ಮತ್ತೊಬ್ಬ. ನಾವು ಇಂದು ಪತ್ತೇದಾರನೆನ್ನುವುದು ಈ ಎರಡನೆಯವನನ್ನು. ಆದರೆ ಅವನಿಗೆ ಆಗ ಪ್ರತ್ಯೇಕವಾದ ಹೆಸರಿರಲಿಲ್ಲ.

ಶಾಸ್ತ್ರದಲ್ಲಿ ಹೆಸರಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣವಾದ 'ಕಂಟಕಶೋಧನ'ದಲ್ಲಿ ಬರುವ 'ಪ್ರದೇಷ್ಟೃ' ಗೂಢಪುರುಷನಲ್ಲ, ಪ್ರಕಟವಾಗಿಯೇ ವಿಚಾರಣೆ ನಡೆಸುವ ಅಧಿಕಾರಿ. ಹಠಾತ್ತನೆ ಸತ್ತವನ ಶವವನ್ನು ಪರೀಕ್ಷಿಸಿ, ಉಸಿರುಗಟ್ಟಿ ಸತ್ತನೋ ವಿಷದಿಂದ ಸತ್ತನೋ ಎಂದು ನಿರ್ಣಯಿಸುವ ಕ್ರಮವನ್ನು ಅಲ್ಲಿನ ಒಂದು ಅಧ್ಯಾಯ ವಿವರಿಸುತ್ತದೆ. ಈ ಗ್ರಂಥವನ್ನು 1909ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಆದರೂ 'ಪ್ರದೇಷ್ಟೃ' ದೇಶಭಾಷೆಗಳಿಗೆ ಇಳಿಯಲಿಲ್ಲ. ಇಳಿದು ಬಂದುದು ಚರ, ಗೂಢಚಾರರು ಮಾತ್ರ. 1823ರಲ್ಲಿ ಕೆಂಪುನಾರಾಯಣನು 'ಮುದ್ರಾಮಂಜೂಷ'ದಲ್ಲಿ ಕನ್ನಡ ಗದ್ಯಕ್ಕೆ ತಂದ ಚಾಣಕ್ಯನ ಲೋಕವೂ ಈ ಚಾರರದೇ.

ಇಲ್ಲೊಂದು ಮಾತನ್ನು ಸೇರಿಸಬಹುದು. ಶೋಧನವೆಂದರೆ ಶುದ್ಧಗೊಳಿಸುವುದು. ಕಚೇರಿಯ ಕನ್ನಡದಲ್ಲಿರುವ 'ತನಿಖೆ'ಯ ಮೂಲವಾದ ಅರಬ್ಬಿಯ 'ತನ್‌ಕೀಹ್' ಕೂಡ ಕಸಕಡ್ಡಿ ತೆಗೆದು ಹಸನುಗೊಳಿಸುವುದನ್ನೇ ಹೇಳುತ್ತದೆ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ರೂಪಕವನ್ನು ಹಿಡಿದಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ 'ಡಿಟೆಕ್ಟಿವ್' ಬಂದಾಗ ಪ್ರತಿಯೊಂದು ಭಾಷೆಯೂ ತನ್ನ ಕೈಗೆ ಸಿಕ್ಕಿದ ಪದವನ್ನು ಮುಂದಿಟ್ಟಿತು. ಹಿಂದಿಯಲ್ಲಿ ಗೋಪಾಲರಾಮ ಗಹಮರಿಯವರು 1900ರಲ್ಲಿ ಆರಂಭಿಸಿದ ಮಾಸಿಕದ ಹೆಸರೇ 'ಜಾಸೂಸ್'. ಅದು ಬೇಹುಗಾರನಿಗಿದ್ದ ಅರಬ್ಬಿ ಪದ. ಮರಾಠಿಯ 'ಗುಪ್ತಹೇರ'ನೂ ಅಂಥವನೇ. ಬಂಗಾಳಿಯ 'ಗೋಯೆಂದಾ' ಪಾರಸಿಯಲ್ಲಿ 'ಹೇಳುವವನು', ಎಂದರೆ ಸುಳಿವು ಕೊಡುವ ಚಾಡಿಕೋರ. ಈ ಕಳಂಕದ ಅರಿವು ಬಂಗಾಳಿ ಲೇಖಕರಿಗೆ ಇತ್ತು. 1930ರ ದಶಕದಲ್ಲಿ ಶರದಿಂದು ಬಂದ್ಯೋಪಾಧ್ಯಾಯರು ಸೃಷ್ಟಿಸಿದ ಬ್ಯೋಮಕೇಶನು ಡಿಟೆಕ್ಟಿವ್, ಗೋಯೆಂದಾ ಎರಡನ್ನೂ ಒಲ್ಲದೆ 'ಸತ್ಯಾನ್ವೇಷಿ' ಎಂದು ತನ್ನನ್ನು ಕರೆದುಕೊಂಡನು. ತಮಿಳು ಹಳೆಯ 'ಒಟ್ರರ್' ಪದವನ್ನು ಬೇಹುಗಾರನಿಗೇ ಬಿಟ್ಟು, ಸುಳಿವನ್ನು ಅರಿಯುವವನು ಎಂಬರ್ಥದ 'ತುಪ್ಪರಿವಾಳರ್' ಎಂಬುದನ್ನು ಬಳಕೆಗೆ ತಂದಿತು.

ಕನ್ನಡವು ಹಿಡಿದ ದಾರಿ ತಮಿಳಿನದಕ್ಕೆ ಸಮೀಪವಾದುದು, ಸಾಮಗ್ರಿ ಮಾತ್ರ ಬೇರೆ. ಮರಾಠಿ ಹಿಂದುಸ್ತಾನಿಗಳ 'ಪತ್ತಾ'ದಿಂದ ಬಂದ 'ಪತ್ತೆ'ಗೆ ಜಮೀನ್ದಾರ, ಫೌಜುದಾರರಲ್ಲಿರುವ ಪಾರಸಿ ಪ್ರತ್ಯಯವನ್ನು ಹಚ್ಚಿ ಕನ್ನಡವು ಸುಳಿವು ಹಿಡಿಯುವವನನ್ನು ಹೆಸರಿಸಿತು. ಈ ಪದದಲ್ಲಿ ಗೋಪ್ಯವಿಲ್ಲ, ದಂಡಿಲ್ಲ, ಅರಮನೆಯಿಲ್ಲ. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'ನು ಅದನ್ನು ಬಾಡಿಗೆ ಪುಸ್ತಕದಂಗಡಿಗಳ ಮೂಲಕ ಮನೆಮನೆಗೆ ಒಯ್ದನು. ವಿದ್ವತ್ ವಲಯ ಆ ಕಾದಂಬರಿಗಳನ್ನು ಉಪೇಕ್ಷಿಸಿದುದರಿಂದ ಪದದ ಚರಿತ್ರೆಯೂ ಉಪೇಕ್ಷೆಗೆ ಒಳಗಾಯಿತು. ಈ ತಪ್ಪಿನಲ್ಲಿ ನಮ್ಮದೂ ಪಾಲಿದೆ.

ಆ ಪುಸ್ತಕಗಳ ಹಳೆಯ ಪ್ರತಿಗಳು ಈಗ ದುರ್ಲಭವಾಗುತ್ತಿವೆ. ಮುಂಬಯಿ, ಸೊಲ್ಲಾಪುರ, ಹೈದರಾಬಾದುಗಳ ಕನ್ನಡ ಸಂಘಗಳ ವಾಚನಾಲಯಗಳಲ್ಲಿ ಅವು ಉಳಿದಿದ್ದರೆ ಅಲ್ಲಿನ ಸಂಶೋಧಕರು ಮುಖಪುಟಸಹಿತವಾಗಿ ಪಟ್ಟಿಮಾಡಬೇಕೆಂದು ಕೋರುತ್ತೇವೆ. ಜೊತೆಗೆ, ಮರಾಠಿಯ ನಡುವೆ ಬಾಳುವ ಕನ್ನಡಿಗರು ಮನೆಮಾತಿನಲ್ಲಿ 'ಪತ್ತೇದಾರ' ಎನ್ನುತ್ತಾರೆಯೋ 'ಗುಪ್ತಹೇರ' ಎನ್ನುತ್ತಾರೆಯೋ ಎಂಬುದನ್ನೂ ದಾಖಲಿಸಿದರೆ ಉಪಕಾರವಾದೀತು.