ಕೀಹೋಲ್ ಆಪರೇಷನ್ನಿನ ತವರುಮನೆ

ಅಪೆಂಡಿಕ್ಸ್ ಆಪರೇಷನ್ ಎಂದರೆ ಈಗ ಹೊಟ್ಟೆಯ ಮೇಲೆ ಮೂರು ಸಣ್ಣ ತೂತು, ಒಂದೆರಡು ದಿನ ಆಸ್ಪತ್ರೆ, ಅಷ್ಟೇ. ಇದರ ತವರುಮನೆ ಸ್ತ್ರೀರೋಗ ವಿಭಾಗ ಎಂಬುದು ನಮ್ಮ ಎಷ್ಟು ಜನ ಗೆಳತಿಯರಿಗೆ ಗೊತ್ತು?

ಅಪೆಂಡಿಕ್ಸ್ ತೆಗೆದ ಮೊದಲ ದಾಖಲೆ 1735ರದು. ಲಂಡನ್ನಿನಲ್ಲಿ ಕ್ಲಾಡಿಯಸ್ ಅಮ್ಯಾಂಡ್ ಹನ್ನೊಂದು ವರ್ಷದ ಹುಡುಗನಿಗೆ ಮಾಡಿದ್ದು. ಅರಿವಳಿಕೆಯೇ ಇಲ್ಲದ ಕಾಲ, ಪಾಪ! 1886ರಲ್ಲಿ ಅಮೆರಿಕದ ರೆಜಿನಾಲ್ಡ್ ಫಿಟ್ಜ್ ಈ ಕಾಯಿಲೆಗೆ ಅಪೆಂಡಿಸೈಟಿಸ್ ಎಂದು ಹೆಸರಿಟ್ಟರು. ಮುಂದೆ ಸುಮಾರು ನೂರು ವರ್ಷ ಹೊಟ್ಟೆ ಕೊಯ್ಯುವುದೊಂದೇ ದಾರಿ.

1980ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ ಮೊದಲ ಬಾರಿಗೆ ಲ್ಯಾಪರೋಸ್ಕೋಪಿನಿಂದ ಅಪೆಂಡಿಕ್ಸ್ ತೆಗೆದರು. ಅವರು ಸ್ತ್ರೀರೋಗ ತಜ್ಞರು. ಗರ್ಭಕೋಶ, ಅಂಡಾಶಯ ನೋಡಲು ಹೊಟ್ಟೆಗೆ ಗಾಳಿ ತುಂಬಿ ದುರ್ಬೀನು ಇಳಿಸುವುದು ಅವರಿಗೆ ನಿತ್ಯದ ಕೆಲಸ. ಸರ್ಜನ್ನರಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಸೆಮ್ ಅವರನ್ನು ಕೆಲಸದಿಂದ ಅಮಾನತು ಮಾಡಿ ಎಂದು ಜರ್ಮನ್ ಸರ್ಜನ್ನರ ಸಂಘದ ಅಧ್ಯಕ್ಷರೇ ಒತ್ತಾಯಿಸಿದರು. ವರದಿ ಅಚ್ಚಾಗುವ ಹೊತ್ತಿಗೆ 1983 ಬಂದಿತ್ತು. ಹೊಟ್ಟೆಯೊಳಗಿನ ಗಾಳಿಯ ಒತ್ತಡ ಅಳೆಯುವ ಯಂತ್ರವನ್ನೂ, ಹೊಸ ಡಾಕ್ಟರುಗಳು ಕೈ ಪಳಗಿಸಿಕೊಳ್ಳುವ ಪೆಟ್ಟಿಗೆಯನ್ನೂ ರೂಪಿಸಿದವರು ಇವರೇ. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ದಿನ ಕಳೆಯುವ ನನಗೆ ಆ ಪೆಟ್ಟಿಗೆಯ ಮೇಲೆ ವಿಶೇಷ ಪ್ರೀತಿ!

ನಮ್ಮ ಪಕ್ಕದ ಮುಂಬೈಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ 1972ರಿಂದಲೇ ಲ್ಯಾಪರೋಸ್ಕೋಪಿನಲ್ಲಿ ಹೊಟ್ಟೆ ಪರೀಕ್ಷಿಸುತ್ತಿದ್ದರು. 1990ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಅದೇ ವಿಧಾನದಿಂದ ಪಿತ್ತಕೋಶ ತೆಗೆದರು. ನಮ್ಮ ದೇಶದಲ್ಲಿ ಇಂಥ ಆಪರೇಷನ್ನುಗಳಿಗೆ ದಾರಿ ತೆರೆದದ್ದು ಹೀಗೆ.

ಹೆಂಗಸರಿಗೆ ಇದರಿಂದ ಆದ ಉಪಕಾರ ಬರೀ ಗಾಯದ ಗುರುತಿನದಲ್ಲ. ಬಲ ಕಿಬ್ಬೊಟ್ಟೆ ನೋವು ಅಪೆಂಡಿಕ್ಸಿನದೋ, ಅಂಡಾಶಯದ ಗಂಟಿನದೋ, ನಾಳದಲ್ಲಿ ನಿಂತ ಗರ್ಭದ್ದೋ ಎಂದು ಕ್ಯಾಮೆರಾ ನೋಡಿ ಹೇಳುತ್ತದೆ. ಧಾರವಾಡದಲ್ಲಿ ನಮ್ಮ ಅವ್ವನ ಕಾಲಕ್ಕೆ ಆ ಸೌಲಭ್ಯವಿರಲಿಲ್ಲ. "ಮುಟ್ಟಿನ ನೋವಿರಬೇಕು ಬಿಡು" ಎಂದು ಮನೆಯವರೆಲ್ಲ ಅಂದರು, ಆಕೆಯೂ ಎರಡು ದಿನ ರೊಟ್ಟಿ ಬಡಿದಳು. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು. ಉದ್ದನೆಯ ಕೊಯ್ತ, ತಿಂಗಳುಗಟ್ಟಲೆ ಮಂಚ. ನಂಜು ಇಳಿಸಿದ್ದು ಆಂಟಿಬಯೋಟಿಕ್ ಇಂಜೆಕ್ಷನ್ನುಗಳು.

ಆ ಮದ್ದಿನ ಕಥೆಯಲ್ಲಿ ನಮ್ಮ ಪಿಂಪ್ರಿಗೂ ಪಾಲಿದೆ. ನಾವು ದಿನಾ ಬಸ್ಸಿನಲ್ಲಿ ದಾಟಿ ಹೋಗುವ ಎಚ್.ಎ., ಅಂದರೆ ಹಿಂದೂಸ್ತಾನ್ ಆಂಟಿಬಯೋಟಿಕ್ಸ್, 1954ರಲ್ಲಿ ಸ್ಥಾಪನೆಯಾಗಿ ಪೆನಿಸಿಲಿನ್ ತಯಾರಿಸಿದ ಸರ್ಕಾರಿ ಕಾರ್ಖಾನೆ. ಈಗ ಕೆಲವರಿಗೆ ಆಪರೇಷನ್ ಬಿಟ್ಟು ಬರೀ ಆಂಟಿಬಯೋಟಿಕ್ ಕೊಟ್ಟು ನೋಡುವುದೂ ಉಂಟು. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಹಾಗೆ ಮದ್ದು ಪಡೆದ ಹತ್ತರಲ್ಲಿ ಸುಮಾರು ಮೂವರಿಗೆ ಮೂರು ತಿಂಗಳೊಳಗೆ ಅಪೆಂಡಿಕ್ಸ್ ತೆಗೆಯಲೇಬೇಕಾಯಿತು.