ಪ್ರಭುತ್ವವು ವಿಧಿಸಿದ ಧರ್ಮ: ರೂಸೋ ಮತ್ತು ನಾಗರಿಕ ಧರ್ಮ

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೂ ಇಷ್ಟಲಿಂಗವು ಗುರುವಿನ ಕರದಿಂದ ಶಿಷ್ಯನ ಕರಸ್ಥಲಕ್ಕೆ ಬಂದಿತೇ ಹೊರತು ಅರಸನ ಆಜ್ಞೆಯಿಂದಲ್ಲ. ಧರ್ಮಕ್ಕೂ ಪ್ರಭುತ್ವಕ್ಕೂ ಇರಬೇಕಾದ ಸಂಬಂಧವೇನೆಂಬ ಪ್ರಶ್ನೆ ಯುರೋಪನ್ನೂ ಕಾಡಿತು. ಅಲ್ಲಿನ ಚಿಂತಕನೊಬ್ಬನು ಇದಕ್ಕೆ ಕೊಟ್ಟ ಉತ್ತರ ಶರಣರ ದಾರಿಗೆ ತೀರ ಭಿನ್ನವಾದುದು, ಆದಕಾರಣವೇ ಅರಿಯತಕ್ಕುದು.

ಜಿನೀವಾದಲ್ಲಿ 1712ರಲ್ಲಿ ಜನಿಸಿದ ಜೀನ್ ಜಾಕ್ ರೂಸೋ 1762ರಲ್ಲಿ 'ಸಾಮಾಜಿಕ ಒಪ್ಪಂದ' ಎಂಬ ಗ್ರಂಥವನ್ನು ಪ್ರಕಟಿಸಿದನು. ಅದರ ಕೊನೆಯ ಭಾಗದಲ್ಲಿ 'ನಾಗರಿಕ ಧರ್ಮ'ದ ವಿಚಾರವಿದೆ. ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಪರಸ್ಪರ ರಕ್ತ ಹರಿಸಿದ ನೆನಪು ಆ ನೆಲದಲ್ಲಿ ಮಾಸಿರಲಿಲ್ಲ. ಪುರೋಹಿತಶಾಹಿಯ ಮತವು ಪ್ರಜೆಯನ್ನು ಇಬ್ಬರು ಒಡೆಯರ ನಡುವೆ ಸೀಳುತ್ತದೆ. ಸುವಾರ್ತೆಯ ಶುದ್ಧ ಧರ್ಮವೋ ಮನಸ್ಸನ್ನು ಈ ಲೋಕದಿಂದಲೇ ಬಿಡಿಸುತ್ತದೆ ಎಂಬುದು ಅವನ ವಾದ. ಆದುದರಿಂದ ರಾಜ್ಯವೇ ಕೆಲವು ಸರಳ ತತ್ತ್ವಗಳನ್ನು ನಿಗದಿಪಡಿಸಲಿ ಎಂದನು: ದೇವರಿದ್ದಾನೆ, ಪರಲೋಕವಿದೆ, ಸಜ್ಜನರಿಗೆ ಸುಖ, ದುರ್ಜನರಿಗೆ ಶಿಕ್ಷೆ, ಕಾನೂನು ಪವಿತ್ರ. ನಿಷಿದ್ಧವಾದುದು ಒಂದೇ, ಪರಮತ ಅಸಹಿಷ್ಣುತೆ.

ಇಷ್ಟರವರೆಗೆ ಸೌಮ್ಯವಾಗಿಯೇ ತೋರುತ್ತದೆ. ಆದರೆ ಇವನ್ನು ನಂಬದವನನ್ನು ಗಡೀಪಾರು ಮಾಡಬಹುದು. ಬಹಿರಂಗವಾಗಿ ಒಪ್ಪಿಕೊಂಡ ಮೇಲೆ ನಂಬದವನಂತೆ ನಡೆದರೆ ಮರಣದಂಡನೆ! ಅಸಹಿಷ್ಣುತೆಯನ್ನು ಹೊರಗಟ್ಟಲು ಹೊರಟವನು ಅದರ ಕತ್ತಿಯನ್ನು ರಾಜ್ಯದ ಕೈಗಿತ್ತನು. ವಿಪರ್ಯಾಸವೆಂದರೆ ಅದೇ ವರ್ಷ ಜಿನೀವಾ ನಗರವೇ ಆ ಗ್ರಂಥವನ್ನು ಸುಡಿಸಿ, ಅವನ ಬಂಧನಕ್ಕೆ ಆಜ್ಞೆ ಹೊರಡಿಸಿತು.

ಈ ವಿಚಾರವು ಕ್ರಿಯೆಗಿಳಿದದ್ದು ಫ್ರಾನ್ಸಿನ ಮಹಾಕ್ರಾಂತಿಯಲ್ಲಿ. 1794ರ ಮೇ 7ರಂದು, ರೂಸೋವನ್ನು ಆರಾಧಿಸುತ್ತಿದ್ದ ರೊಬೆಸ್ಪಿಯರ್‌ನ ಒತ್ತಾಸೆಯಿಂದ, ಫ್ರೆಂಚ್ ಜನತೆ ಪರಮಾತ್ಮನ ಅಸ್ತಿತ್ವವನ್ನೂ ಆತ್ಮದ ಅಮರತ್ವವನ್ನೂ ಅಂಗೀಕರಿಸುತ್ತದೆ ಎಂಬ ಶಾಸನ ಹೊರಟಿತು. ಜನತೆಯ ಪರವಾಗಿ ದೇವರನ್ನು ಒಪ್ಪಿದವರು ಪ್ರತಿನಿಧಿಗಳು! ಜೂನ್ 8ರಂದು ಪ್ಯಾರಿಸಿನಲ್ಲಿ ಪರಮಾತ್ಮನ ಉತ್ಸವ ನಡೆಯಿತು. ಚಿತ್ರಕಾರ ದಾವಿದ್ ಅದನ್ನು ರೂಪಿಸಿದ್ದನು. ನಾಸ್ತಿಕತೆಯ ಪ್ರತಿಮೆಗೆ ರೊಬೆಸ್ಪಿಯರನು ಬೆಂಕಿಯಿಟ್ಟಾಗ ಒಳಗಿನಿಂದ ವಿವೇಕದ ಮೂರ್ತಿ ಮೈದೋರಬೇಕಾಗಿತ್ತು. ಮೈದೋರಿತು, ಹೊಗೆಯಿಂದ ಕಪ್ಪಾಗಿ. ಎರಡೇ ದಿನಗಳಲ್ಲಿ, ಜೂನ್ 10ರಂದು, ಆರೋಪಿಗೆ ವಕೀಲನ ನೆರವನ್ನೂ ನಿರಾಕರಿಸುವ ಕಾನೂನು ಬಂದಿತು. ಶಿರಚ್ಛೇದಗಳು ಹೆಚ್ಚಿದವು. ಜುಲೈ 28ರಂದು ರೊಬೆಸ್ಪಿಯರನ ಶಿರವೂ ಉರುಳಿತು. ಆ ಪೂಜೆಯೂ ಅವನೊಂದಿಗೆ ಮರೆಯಾಯಿತು.

ಕಲ್ಯಾಣದಲ್ಲಿಯೂ ಪ್ರಭುತ್ವದ ದಂಡನೆ ಇಳಿದದ್ದುಂಟು. ವರ್ಣಸಂಕರದ ವಿವಾಹಕ್ಕಾಗಿ ಹರಳಯ್ಯ, ಮಧುವರಸರು ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಅಲ್ಲಿ ಸಮಾಜದ ಕಟ್ಟಳೆ ಕಾಯುವ ಹೊಣೆ ರಾಜನದು, ಪ್ರಾಣ ಶರಣರದು. ಅನುಭಾವವು ಅರಮನೆಯಲ್ಲಿ ಹುಟ್ಟಿದುದಲ್ಲವಾದುದರಿಂದಲೇ ಅರಮನೆಯ ಕೋಪಕ್ಕೆ ಅಳಿಯಲಿಲ್ಲ. ಶರಣರು ಚದುರಿ ಹೋದೆಡೆಯೆಲ್ಲ ವಚನದ ಕಟ್ಟುಗಳೂ ಹೋದವು.

ರೊಬೆಸ್ಪಿಯರನನ್ನು ಕೊಂದವರ ಆಳ್ವಿಕೆಯೇ ಅದೇ ವರ್ಷದ ಅಕ್ಟೋಬರ್ 11ರಂದು ರೂಸೋವಿನ ಅವಶೇಷಗಳನ್ನು ಮೆರವಣಿಗೆಯಲ್ಲಿ ತಂದು ಪ್ಯಾರಿಸಿನ ಪಾಂಥಿಯನ್ನಿನಲ್ಲಿ ಇರಿಸಿತು.