ಊರಿಗೆ ಮರಳುವ ಓಸಿಐ ನಿವೃತ್ತರು: ತೆರಿಗೆ ಉಂಟು, ವೋಟಿಲ್ಲ

ವಿದೇಶಿ ಪೌರತ್ವ ಪಡೆದವರು ರಿಟೈರ್ ಆಗಿ ಶಿಕಾರಿಪುರಕ್ಕೋ ಸೊರಬಕ್ಕೋ ವಾಪಸ್ ಬರ್ತೀವಿ ಅಂದರೆ ಲೆಕ್ಕ ಹೀಗಿದೆ.

ವೀಸಾ: ಓಸಿಐ ಕಾರ್ಡ್ ಇದ್ದರೆ ಬೇರೆ ವೀಸಾ ಬೇಡ, ಎಷ್ಟು ವರ್ಷ ಬೇಕಾದರೂ ಇರಬಹುದು.

ಹಣ: ಎನ್‌ಆರ್‌ಇ ಖಾತೆಯನ್ನು ನಿವಾಸಿ ಅಥವಾ ಆರ್‌ಎಫ್‌ಸಿ ಖಾತೆಯಾಗಿ ಬದಲಿಸಬೇಕು.

ತೆರಿಗೆ: ವರ್ಷಕ್ಕೆ 182 ದಿನ ಇಲ್ಲಿದ್ದರೆ ನಿವಾಸಿ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರ ವಿದೇಶಿ ಪಿಂಚಣಿ, ಬಡ್ಡಿಗೆ ಮೊದಮೊದಲು ವಿನಾಯಿತಿ ಉಂಟು. ಆಮೇಲೆ ಹೊರಗಿನ ಆದಾಯವೂ ಲೆಕ್ಕಕ್ಕೆ ಬರುತ್ತೆ.

ಜಮೀನು: ಶಿಕಾರಿಪುರದ ಆಗಿನ ಶಾಸಕ ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದಾಗ, 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. ಆದರೆ ಕೇಂದ್ರದ 2021ರ ಅಧಿಸೂಚನೆ ಓಸಿಐಗಳಿಗೆ ಕೊಟ್ಟ ಖರೀದಿ ಹಕ್ಕಿನಲ್ಲಿ ಕೃಷಿ ಜಮೀನು ಸೇರಿಲ್ಲ. ಅಪ್ಪನ ಅಡಿಕೆ ತೋಟ ಉತ್ತರಾಧಿಕಾರದಿಂದ ಬಂದರೆ ಸರಿ.

ಇಷ್ಟೆಲ್ಲ ತೆರಿಗೆ ಕಟ್ಟುವ ಈ ಊರಿನವರಿಗೆ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ವೋಟಿಲ್ಲ.